ಮೂರು ಸಾವಿರ ಪುಸ್ತಕ, ಎಷ್ಟು ತಟ್ಟೆ ಊಟ?

ಬೀದರಿಗೆ ಹೋದವರು ಸಾಮಾನ್ಯವಾಗಿ ಕೋಟೆ ನೋಡ್ತಾರೆ, ಬಿದರಿ ಕೆಲಸದ ಒಂದು ಹೂಜಿ ಕೊಳ್ತಾರೆ, ಮಹಮೂದ್ ಗವಾನನ ಮದರಸಾ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬರ್ತಾರೆ. ಮದರಸಾ ಬಗ್ಗೆ ಯಾರನ್ನ ಕೇಳಿದ್ರೂ ಮೊದಲು ಹೇಳೋ ಮಾತು, "ಇಲ್ಲಿನ ಗ್ರಂಥಾಲಯದಲ್ಲಿ 3000 ಹಸ್ತಪ್ರತಿ ಇದ್ದವು" ಅಂತ. ಒಳ್ಳೆಯದೇ. ಆದ್ರೆ ನನ್ನ ತಲೆಯಲ್ಲಿ ಯಾವಾಗಲೂ ಇನ್ನೊಂದು ಪ್ರಶ್ನೆ ಓಡ್ತಿರುತ್ತೆ. ಆ ಪುಸ್ತಕ ಓದೋಕೆ ಬಂದ ಹುಡುಗರು ಊಟಕ್ಕೆ ಏನು ಮಾಡ್ತಿದ್ರು?

ನಗಬೇಡಿ. ಪರಊರಲ್ಲಿ ರೂಮ್ ಮಾಡಿಕೊಂಡು ಓದಿದ ಯಾರನ್ನಾದ್ರೂ ಕೇಳಿ ನೋಡಿ. ಪರೀಕ್ಷೆಯಲ್ಲಿ ಏನು ಬರೆದ್ರು ಅನ್ನೋದು ಮರೆತಿರುತ್ತಾರೆ, ಮೆಸ್ ಎಷ್ಟೊತ್ತಿಗೆ ಬಾಗಿಲು ಹಾಕ್ತಿತ್ತು ಅನ್ನೋದು ಮರೆತಿರಲ್ಲ. ಲೈಬ್ರರಿಯಲ್ಲಿ ಇನ್ನೊಂದು ತಾಸು ಕೂತರೆ ಊಟ ತಪ್ಪುತ್ತೆ, ಊಟಕ್ಕೆ ಎದ್ದರೆ ಕೈಗೆ ಸಿಕ್ಕ ಪುಸ್ತಕ ಇನ್ಯಾರದೋ ಪಾಲಾಗುತ್ತೆ. ಈ ಲೆಕ್ಕಾಚಾರ ಇವತ್ತಿನದಲ್ಲ. ಬೀದರ್ ಜಿಲ್ಲೆಯ ಚರಿತ್ರೆಯನ್ನ ಈ ಅಡುಗೆಮನೆಯ ಕಡೆಯಿಂದ ನೋಡಿದ್ರೆ ಸ್ವಲ್ಪ ಬೇರೆ ಥರಾನೇ ಕಾಣುತ್ತೆ.

ಗವಾನನಿಂದಲೇ ಶುರು ಮಾಡೋಣ. ಈತ ಇರಾನಿನ ಗೀಲಾನ್ ಪ್ರಾಂತ್ಯದವ. ವ್ಯಾಪಾರಕ್ಕೆ ಅಂತ 1453ರ ಸುಮಾರಿಗೆ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದವ, ಮುಂದೆ ಬಹಮನಿ ರಾಜ್ಯದ ಪ್ರಧಾನಿಯೇ ಆದ. 1472ರಲ್ಲಿ ಮದರಸಾ ಸಿದ್ಧವಾಯ್ತು. ಮೂರು ಅಂತಸ್ತು, ಸುಮಾರು 205 ಅಡಿ ಉದ್ದ, 180 ಅಡಿ ಅಗಲ, ಮುಂಭಾಗಕ್ಕೆಲ್ಲ ನೀಲಿ ಹಳದಿ ಬಿಳಿ ಬಣ್ಣದ ಹೆಂಚಿನ ಅಲಂಕಾರ. ಒಳಗೆ ಪಾಠದ ಕೋಣೆಗಳು, ಗ್ರಂಥಾಲಯ, ಮಸೀದಿ. ಇವುಗಳ ಜೊತೆಗೆ ಮೇಷ್ಟ್ರುಗಳಿಗೂ ವಿದ್ಯಾರ್ಥಿಗಳಿಗೂ ಅಲ್ಲೇ ವಾಸದ ಕೋಣೆಗಳು. ಓದೋಕೆ ಬಂದವರಿಗೆ ಪಾಠವೂ ಪುಕ್ಕಟೆ, ಊಟ ವಸತಿಯೂ ಪುಕ್ಕಟೆ.

ಗವಾನ್ ಪರ್ಷಿಯಾದ ದೊಡ್ಡ ದೊಡ್ಡ ವಿದ್ವಾಂಸರಿಗೆ ಪತ್ರ ಬರೆದು ಬೀದರಿಗೆ ಕರೆಯುತ್ತಿದ್ದ. ಕವಿ ಜಾಮಿಯ ಜೊತೆಗೂ ಪತ್ರವ್ಯವಹಾರ ಇತ್ತು. ಆದ್ರೆ ವಿದ್ವಾಂಸರು ಬಂದ್ರೆ ಸಾಕೇ? ಅವರ ಹತ್ತಿರ ಕಲಿಯೋ ಹುಡುಗ ತಿಂಗಳುಗಟ್ಟಲೆ ಊರಲ್ಲಿ ನಿಲ್ಲಬೇಕಲ್ಲ. ಒಂದು ಕಡೆ ಗ್ರಂಥಾಲಯ, ಇನ್ನೊಂದು ಕಡೆ ಅಡುಗೆಮನೆ, ಎರಡನ್ನೂ ಒಂದೇ ಸೂರಿನ ಕೆಳಗೆ ತಂದಿದ್ದೇ ಆತನ ಜಾಣತನ ಅಂತ ನನಗೆ ಅನ್ನಿಸುತ್ತೆ.

ತಮಾಷೆ ಅಂದ್ರೆ, ಊರಿಗೆಲ್ಲ ಊಟ ಹಾಕಿದ ಈ ಪ್ರಧಾನಿಯ ಸ್ವಂತ ಊಟ ಬಹಳ ಸರಳ. ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಅಡುಗೆ, ಮಲಗೋಕೆ ಚಾಪೆ, ಮನೆಖರ್ಚಿಗೆ ತನ್ನ ವ್ಯಾಪಾರದ ದುಡ್ಡು ಅಂತ ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ.

ಹಾಗಂತ ಆ ಕಾಲದ ಬೀದರಿನಲ್ಲಿ ಎಲ್ಲರ ಹೊಟ್ಟೆಯೂ ತುಂಬಿತ್ತು ಅಂದುಕೋಬೇಡಿ. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಇದೇ ಊರಿನಲ್ಲಿದ್ದ. ಮಾರೋಕೆ ಅಂತ ತಂದಿದ್ದ ಒಂದೇ ಒಂದು ಕುದುರೆಯನ್ನ ಇಲ್ಲೇ ಮಾರಿದ. ಸರದಾರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೆಯೋದನ್ನೂ ಹಳ್ಳಿಯ ಜನ ಬಡತನದಲ್ಲಿ ಒದ್ದಾಡೋದನ್ನೂ ಪಕ್ಕಪಕ್ಕದಲ್ಲೇ ಬರೆದಿಟ್ಟಿದ್ದಾನೆ. ಇಲ್ಲಿನವರು ಏನು ತಿಂತಾರೆ ಅನ್ನೋದನ್ನೂ ಬಿಟ್ಟಿಲ್ಲ. ಅನ್ನ, ಬೆಣ್ಣೆ ಹಾಕಿದ ಖಿಚಡಿ, ಸೊಪ್ಪು, ಹಾಲು, ಎಲ್ಲವೂ ಬಲಗೈಯಲ್ಲೇ! ಪರದೇಶಿ ವ್ಯಾಪಾರಿಯೊಬ್ಬ ಊರಿನ ಊಟದಿಂದಲೇ ಊರನ್ನು ಅರ್ಥ ಮಾಡಿಕೊಳ್ಳೋಕೆ ಹೊರಟಿದ್ದು ನನಗಂತೂ ಬಹಳ ಇಷ್ಟ. ಇವತ್ತು ಔರಾದದ ಕಡೆಯಿಂದ ಬೀದರಿಗೆ ಬಂದ ಹುಡುಗ ಮಾಡೋದೂ ಅದನ್ನೇ ಅಲ್ವಾ?

1481ರ ಏಪ್ರಿಲ್‌ನಲ್ಲಿ ಗವಾನನ ಕಥೆ ಮುಗೀತು. ಆಗದವರು ಸೃಷ್ಟಿಸಿದ ಸುಳ್ಳು ಪತ್ರವನ್ನ ನಂಬಿ ಸುಲ್ತಾನ ಮೂರನೇ ಮುಹಮ್ಮದ್ ಆತನ ತಲೆ ತೆಗೆಸಿದ. ಮುಂದೆ ಬಹಮನಿ ರಾಜ್ಯವೂ ಒಡೆದು ಹೋಳಾಯ್ತು. ಮದರಸಾ ಕಟ್ಟಡ ಕೊನೆಗೆ ಔರಂಗಜೇಬನ ಕಾಲದಲ್ಲಿ ಸೈನಿಕರ ಕೈಗೆ ಸಿಕ್ಕಿತು. ಪುಸ್ತಕ ಇರಬೇಕಾದ ಕಡೆ ಮದ್ದು ತುಂಬಿಟ್ಟರು. 1690ರ ದಶಕದಲ್ಲಿ ಅದು ಸಿಡಿದು ಒಂದು ಮಿನಾರು, ಮುಂಭಾಗದ ಅರ್ಧ ಭಾಗ ಹಾರಿಹೋಯ್ತು. ಈಗ ಫೋಟೋದಲ್ಲಿ ಕಾಣೋದು ಉಳಿದ ಒಂದೇ ಮಿನಾರು. ಒಬ್ಬ ದೊರೆಯ ಅಥವಾ ಒಬ್ಬ ಪ್ರಧಾನಿಯ ಕೃಪೆಯ ಮೇಲೆ ನಿಂತ ಒಲೆ ಎಷ್ಟು ದಿನ ಉರಿಯುತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮುಂದೆ ಬೀದರ್ ನಿಜಾಮರ ರಾಜ್ಯಕ್ಕೆ ಸೇರಿತು. ಓದು, ಕೋರ್ಟು, ಕಚೇರಿ ಯಾವ ಕೆಲಸ ಇದ್ದರೂ ದಾರಿ ಹೈದರಾಬಾದಿನ ಕಡೆಗೇ. ಅಲ್ಲೂ ಊಟದ ಒಂದು ಕಥೆ ಇದೆ. ಕಲ್ಯಾಣದ ನವಾಬರು ಅಂದ್ರೆ ನಮ್ಮ ಈಗಿನ ಬಸವಕಲ್ಯಾಣದ ಜಹಗೀರದಾರರು. ಹೈದರಾಬಾದಿಗೆ ಹೋಗಿ ನೆಲೆಸಿದ ಮೇಲೆ, ಬೀದರ್ ಕಡೆಯಿಂದ ಬಂದ ತಮ್ಮ ಜನರಿಗೆಲ್ಲ ಅವರ ದೇವಡಿಯಲ್ಲಿ ಬಿರಿಯಾನಿ ಬಡಿಸುತ್ತಿದ್ದರಂತೆ. ಅದೇ ಮುಂದೆ ಹೈದರಾಬಾದಿನ ಗಲ್ಲಿಗಳಲ್ಲಿ 'ಕಲ್ಯಾಣಿ ಬಿರಿಯಾನಿ' ಅಂತ ಹೆಸರಾಯ್ತು. ಎಮ್ಮೆ ಮಾಂಸದ ಸಣ್ಣ ತುಂಡು, ಅಗ್ಗದ ಬೆಲೆ. ಅದಕ್ಕೇ 'ಬಡವರ ಬಿರಿಯಾನಿ' ಅಂತಲೂ ಕರೀತಾರೆ. ಹೈದರಾಬಾದಿನವರು ಚಪ್ಪರಿಸಿ ತಿನ್ನೋ ಒಂದು ಬಿರಿಯಾನಿಯಲ್ಲಿ ನಮ್ಮ ಕಲ್ಯಾಣದ ಹೆಸರು ಕೂತಿದೆ!

ಆದ್ರೆ ದೊಡ್ಡ ಸಮಸ್ಯೆ ಬೇರೆಯದೇ ಇತ್ತು, ಭಾಷೆಯದು. ನಿಜಾಮರ ಆಡಳಿತ ಉರ್ದುವಿನಲ್ಲಿ, ಶಾಲೆ ಉರ್ದುವಿನಲ್ಲಿ, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲೇ. ಉರ್ದುವಿನ ಮೇಲೆ ನನಗೆ ಸಿಟ್ಟಿಲ್ಲ, ಬೀದರಿನ ನಾಲಿಗೆಗೆ ಅದೂ ಮನೆಮಾತೇ. ಆದ್ರೆ ಮನೆಯಲ್ಲಿ ಕನ್ನಡ ಮಾತಾಡೋ ರೈತನ ಮಗನಿಗೆ ತನ್ನ ಭಾಷೆಯಲ್ಲಿ ಅಕ್ಷರ ಕಲಿಯೋಕೆ ಜಾಗ ಸಿಗೋದೇ ಕಷ್ಟ ಆಗಿತ್ತು.

ಇಲ್ಲಿಗೆ ಬರ್ತಾರೆ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು. ಹುಟ್ಟಿದ್ದು ಕಮಲನಗರದಲ್ಲಿ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಈ ಊರು ಮೊನ್ನೆ ಮೊನ್ನೆವರೆಗೂ ಔರಾದ ತಾಲೂಕಿನಲ್ಲೇ ಇತ್ತು, ಈಗ ತಾನೇ ಒಂದು ತಾಲೂಕಾಗಿದೆ. ಕಮಲನಗರ, ಭಾಲ್ಕಿಗಳಲ್ಲಿ ಅವರು ಕನ್ನಡ ಶಾಲೆ ನಡೆಸಿದ ರೀತಿ ಬೀದರ್ ಜಿಲ್ಲೆಯಲ್ಲಿ ಮನೆಮನೆಯ ಮಾತು. ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ಸರ್ಕಾರದ ಕಣ್ಣಿಗೆ ಉರ್ದು ಶಾಲೆ, ಮಕ್ಕಳ ಪಾಟಿಯ ಮೇಲೆ ಅ ಆ ಇ ಈ.

ಬೋರ್ಡಿನ ಕಥೆಯನ್ನ ಎಲ್ಲರೂ ಹೇಳ್ತಾರೆ. ಅದರ ಜೊತೆಗಿದ್ದ ಇನ್ನೊಂದು ಕೆಲಸವನ್ನ ಅಷ್ಟಾಗಿ ಹೇಳಲ್ಲ. ಹಳ್ಳಿಯಿಂದ ಬಂದ ಮಕ್ಕಳಿಗೆ ಅವರು ಉಚಿತ ಪ್ರಸಾದ ನಿಲಯ ನಡೆಸಿದ್ರು. ಅದಕ್ಕೆ ಸುಲ್ತಾನನ ಖಜಾನೆ ಇರಲಿಲ್ಲ, ನಿಜಾಮನ ಅನುದಾನ ಕನಸಿನ ಮಾತು. ಮಠಾಧೀಶರೇ ಜೋಳಿಗೆ ಹಿಡಿದು ಊರೂರು ತಿರುಗಿ, ಭಕ್ತರು ಕೊಟ್ಟದ್ದನ್ನ ತಂದು ಮಕ್ಕಳಿಗೆ ಉಣಿಸಿದ್ರು. ಸ್ವಲ್ಪ ಯೋಚನೆ ಮಾಡಿ. ಬೋರ್ಡು ಬದಲಿಸೋಕೆ ಧೈರ್ಯ ಸಾಕು, ಒಂದು ದಿನದ ಕೆಲಸ. ದಿನಕ್ಕೆರಡು ಹೊತ್ತು ರೊಟ್ಟಿ ಬೇಳೆ ಹೊಂದಿಸೋದು ವರ್ಷಗಟ್ಟಲೆಯ ಕೆಲಸ. ಆ ರೊಟ್ಟಿ ಇಲ್ಲದಿದ್ರೆ ಬೋರ್ಡಿನ ಹಿಂದೆ ಕೂರೋಕೆ ಮಕ್ಕಳೇ ಇರ್ತಿರಲಿಲ್ಲ. ಬೀದರಿನ ಕನ್ನಡ ಉಳಿದಿದ್ದರಲ್ಲಿ ಪಾಟಿ ಬಳಪಕ್ಕೆ ಎಷ್ಟು ಪಾಲಿದೆಯೋ ಜೋಳದ ಹಿಟ್ಟಿಗೂ ಅಷ್ಟೇ ಪಾಲಿದೆ.

ಪಟ್ಟದ್ದೇವರಿಗೆ ಈ ದಾರಿ ಹೊಸದೇನಲ್ಲ. ಹನ್ನೆರಡನೇ ಶತಮಾನದಲ್ಲಿ ಇದೇ ಜಿಲ್ಲೆಯ ಕಲ್ಯಾಣದಲ್ಲಿ ಶರಣರು ಕಾಯಕದ ಪಕ್ಕದಲ್ಲೇ ದಾಸೋಹ ಅನ್ನೋ ಮಾತನ್ನೂ ಇಟ್ಟಿದ್ರು. ಅನುಭವ ಮಂಟಪದ ಚರ್ಚೆಗಳನ್ನ ನಾವು ಪಾಠದಲ್ಲಿ ಓದ್ತೀವಿ. ಹಾಗೆ ಚರ್ಚೆಗೆ ದೂರದಿಂದ ಬಂದವರು ಉಂಡಿದ್ದು ಬಸವಣ್ಣನವರ ಮಹಾಮನೆಯಲ್ಲಿ ಅನ್ನೋದೂ ಅದೇ ಪಾಠದ ಭಾಗ ಆಗಬೇಕು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಮುಗೀತು. 1956ರ ನವೆಂಬರ್ 1ಕ್ಕೆ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ನಾಲ್ಕೇ ವರ್ಷಕ್ಕೆ, 1960ರಲ್ಲಿ, ಡಿ.ಎಲ್. ನರಸಿಂಹಾಚಾರ್ಯರ ಅಧ್ಯಕ್ಷತೆಯಲ್ಲಿ ಬೀದರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೀತು. ಬೋರ್ಡನ್ನು ಮುಚ್ಚಿಡಬೇಕಾದ ಕಾಲವನ್ನ ಕಂಡಿದ್ದ ಪಟ್ಟದ್ದೇವರು ಇದೆಲ್ಲವನ್ನೂ ನೋಡಿದ್ರು. ನೂರು ದಾಟಿ ಬದುಕಿ 1999ರಲ್ಲಿ ಲಿಂಗೈಕ್ಯರಾದ್ರು. ಅದಾಗಿ ಮೂರು ವರ್ಷಕ್ಕೆ, 2002ರಲ್ಲಿ, ಕರ್ನಾಟಕ ಸರ್ಕಾರ ಶಾಲೆಗಳಲ್ಲಿ ಬಿಸಿಯೂಟ ಶುರು ಮಾಡಿತು. ಮೊದಲು ಆರಿಸಿಕೊಂಡ ಏಳು ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದು. ಯೋಜನೆಗೆ ಇಟ್ಟ ಹೆಸರು ಏನು ಗೊತ್ತಲ್ಲ? 'ಅಕ್ಷರ ದಾಸೋಹ'. ಕಲ್ಯಾಣದ ಮಾತು ಎಂಟುನೂರು ವರ್ಷ ಸುತ್ತಾಡಿ ಮತ್ತೆ ಕಲ್ಯಾಣದ ನೆಲಕ್ಕೇ ಬಂತು.

ಆದ್ರೆ ಬಿಸಿಯೂಟ ಹತ್ತನೇ ಕ್ಲಾಸಿಗೆ ನಿಲ್ಲುತ್ತೆ. ಆಮೇಲೆ?

ಬೀದರಿನಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಇದಕ್ಕೊಂದು ಉತ್ತರ ಗೊತ್ತಿದೆ. ಗುರುದ್ವಾರ ನಾನಕ್ ಝೀರಾ ಸಾಹಿಬ್. ಗುರುನಾನಕರು ಈ ಊರಿಗೆ ಬಂದಾಗ ಬಂಡೆಯ ಬುಡದಿಂದ ಸಿಹಿನೀರು ಚಿಮ್ಮಿತು ಅನ್ನೋದು ನಂಬಿಕೆ. ಝರಿ ಈಗಲೂ ಇದೆ, ಲಂಗರಿನ ಒಲೆಯೂ ಉರೀತಾನೇ ಇದೆ. ತಲೆಗೆ ಬಟ್ಟೆ ಕಟ್ಟಿಕೊಂಡು ಸಾಲಿನಲ್ಲಿ ನೆಲದ ಮೇಲೆ ಕೂತರೆ ರೊಟ್ಟಿ ದಾಲ್ ಬರುತ್ತೆ. ಜಾತಿ ಕೇಳಲ್ಲ, ಧರ್ಮ ಕೇಳಲ್ಲ, ಎಷ್ಟು ಸೆಮಿಸ್ಟರ್ ಬಾಕಿ ಅಂತಲೂ ಕೇಳಲ್ಲ! ತಿಂಗಳ ಕೊನೆಯಲ್ಲಿ ಅಲ್ಲಿ ಉಂಡ ವಿದ್ಯಾರ್ಥಿಗಳು ಎಷ್ಟೋ ಜನ. ನಾನೂ ಅವರಲ್ಲಿ ಒಬ್ಬ.

ಇನ್ನು ಕೈಯಲ್ಲಿ ನಾಲ್ಕು ಕಾಸು ಇದ್ದ ದಿನ ಹಳೇ ಊರಿನ ಗಲ್ಲಿಗಳಿವೆ. ಬೆಳಿಗ್ಗೆ ನಾನ್ ಜೊತೆ ನಿಹಾರಿ, ಸಂಜೆಗೆ ಖಡಕ್ ಚಾ, ಅದರಲ್ಲಿ ಅದ್ದೋಕೆ ಉಸ್ಮಾನಿಯಾ ಬಿಸ್ಕತ್ತು. ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಬೆಳೆದ ಹುಡುಗ ಒಂದೊಂದು ತಟ್ಟೆಯಲ್ಲೂ ಊರಿನ ಒಂದೊಂದು ಪದರ ಕಾಣ್ತಾನೆ. ಪುಸ್ತಕದಲ್ಲಿ ಓದಿದ ಬಹಮನಿ, ಮೊಘಲ್, ಆಸಫ್‌ಜಾಹಿ ಅನ್ನೋ ಹೆಸರುಗಳಿಗೆಲ್ಲ ರುಚಿ ಬರೋದು ಆಗಲೇ. ಎಳ್ಳಮಾವಾಸ್ಯೆ ಬಂತೆಂದರೆ ಮಾತ್ರ ಲೈಬ್ರರಿ ಬಿಟ್ಟು ಊರ ಬಸ್ ಹತ್ತಬೇಕು. ಹೊಲದಲ್ಲಿ ಕೂತು ಹತ್ತಾರು ಕಾಳು ತರಕಾರಿ ಹಾಕಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣದಿದ್ರೆ ಅವನು ಬೀದರಿನವನೇ ಅಲ್ಲ.

2023ರಲ್ಲಿ ಬೀದರಿಗೆ ತನ್ನದೇ ವಿಶ್ವವಿದ್ಯಾಲಯ ಬಂತು. ಬಹಳ ಖುಷಿಯ ವಿಷಯ. ಅದರ ಗ್ರಂಥಾಲಯದಲ್ಲಿ ಎಷ್ಟು ಪುಸ್ತಕ ಇವೆ ಅಂತ ಮುಂದೆ ಯಾರಾದ್ರೂ ಎಣಿಸಿ ಹೇಳ್ತಾರೆ, ಹೇಳಲಿ. ನನಗೆ ಇನ್ನೊಂದು ಲೆಕ್ಕವೂ ಬೇಕು. ಔರಾದದ ಗಡಿಹಳ್ಳಿಯಿಂದ, ಭಾಲ್ಕಿಯ ತಾಂಡಾದಿಂದ ಬಂದ ಹುಡುಗಿ ರಾತ್ರಿ ಎಂಟರವರೆಗೆ ಅಲ್ಲಿ ಕೂತು ಓದಿದ್ರೆ, ಅವಳಿಗೆ ಹಾಸ್ಟೆಲ್ಲಿನಲ್ಲಿ ಒಂದು ತಟ್ಟೆ ಎತ್ತಿಟ್ಟಿರ್ತಾರಾ?

ಗವಾನನಿಗೆ ಈ ಲೆಕ್ಕ ಗೊತ್ತಿತ್ತು. ಪಟ್ಟದ್ದೇವರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಗವಾನನ ಒಲೆ ಆರಿ ಶತಮಾನಗಳೇ ಕಳೆದವು, ಜೋಳಿಗೆಯಿಂದ ಹೊತ್ತಿಸಿದ ಒಲೆಯ ಬಿಸಿ ಇನ್ನೂ ಇದೆ. ನಿಮ್ಮ ಊರಲ್ಲೂ ಹೀಗೆ ಓದೋ ಹುಡುಗರಿಗೆ ಅನ್ನ ಹಾಕಿದ ಮಠ, ವಾರಾನ್ನದ ಮನೆ, ಖಾನಾವಳಿ ಇದ್ದೇ ಇರುತ್ತೆ. ಅವುಗಳ ಬಗ್ಗೆ ನೀವೂ ಬರೀರಿ. ಪುಸ್ತಕ ಎಣಿಸೋಕೆ ಜನ ಇದ್ದಾರೆ, ತಟ್ಟೆ ಎಣಿಸೋರು ಕಡಿಮೆ.