ಡಂಗುರ ಮತ್ತು ಬೀಪ್: ಬೀದರ ಸೀಮೆಯ ಮತಯಂತ್ರ

ಡಂಗುರದ ಪೆಟ್ಟುಗಳು ಗೊತ್ತಾದ ಕ್ರಮದಲ್ಲಿ ಬಂದಾಗ ಮಾತ್ರ ಸುದ್ದಿಯ ಸೂಚನೆಯಾಗುತ್ತವೆ. ಮೈಕ್ರೋಕಂಟ್ರೋಲರುಗಳ ಸರಣಿ ಸಂವಹನದ ತತ್ತ್ವವೂ ಇದೇ: ನಿಗದಿತ ಕಾಲಮಾನದಲ್ಲಿ ತಂತಿಯ ಮೇಲೆ ಒಂದರ ಹಿಂದೊಂದು ಸಾಗುವ ಸೊನ್ನೆ-ಒಂದುಗಳು. ಬೀದರ, ಭಾಲ್ಕಿ, ಔರಾದ ಕ್ಷೇತ್ರಗಳ ಹಳ್ಳಿಗರು ಇಂಥ ಸಂಕೇತಲೋಕವನ್ನು ಮುಟ್ಟಿದ್ದು ವಿದ್ಯುನ್ಮಾನ ಮತಯಂತ್ರದಲ್ಲಿ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಕೆಯಾದ ಯಂತ್ರವು 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳನ್ನು ತಲುಪಿತು. ಮತಘಟಕದ ಗುಂಡಿಯೊತ್ತಿದರೆ ಸಂಕೇತವು ಕೇಬಲಿನ ಮೂಲಕ ಅಧಿಕಾರಿಯ ಬಳಿಯ ನಿಯಂತ್ರಣ ಘಟಕವನ್ನು ಸೇರುತ್ತದೆ. ‘ಬೀಪ್’ ಸದ್ದು ಮತ ದಾಖಲಾದುದನ್ನು ಸಾರುತ್ತದೆ. ಡಂಗುರದವನನ್ನು ಊರು ಬಲ್ಲದು. ತಂತಿಯೊಳಗಿನ ಸಂಕೇತ ಕಣ್ಣಿಗೆ ಕಾಣದು. ಈ ಸಂಶಯಕ್ಕೆ ಉತ್ತರವಾಗಿ 2018ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಾದ್ಯಂತ ವಿವಿಪ್ಯಾಟ್ ಬಳಕೆಗೆ ಬಂದಿತು. ಅದರ ಚೀಟಿ 7 ಸೆಕೆಂಡು ಕಾಣುತ್ತದೆ. ಕೇಳಿದ್ದನ್ನು ಕಂಡು ನಂಬಬೇಕೆಂಬ ಜನಪದರ ವಿವೇಕಕ್ಕೆ ಯಂತ್ರವೂ ಹೊಂದಿಕೊಳ್ಳಬೇಕಾಯಿತೆಂಬುದು ಗಮನಾರ್ಹ.