ಮಾವು ಹೂ ಬಿಡುವ ಕಾಲ

ಕಾಮನ ಪಂಚಬಾಣಗಳಲ್ಲಿ ಮಾವಿನ ಹೂವೂ ಒಂದು. ಅರವಿಂದ, ಅಶೋಕ, ನವಮಲ್ಲಿಕೆ, ನೀಲೋತ್ಪಲಗಳ ಸಾಲಿನಲ್ಲಿ ಚೂತಕ್ಕೂ ಸ್ಥಾನವುಂಟು. ಕಾಳಿದಾಸನೇ ಮೊದಲಾದ ಕವಿಗಳು ಅದನ್ನು ವಸಂತನ ಸೊತ್ತೆಂದು ಎಣಿಸಿದರು. ಹತ್ತನೆಯ ಶತಮಾನದ ಪಂಪನೂ ಬನವಾಸಿಯನ್ನು ನೆನೆಯುವಾಗ ಮಾಮರವನ್ನೂ ಕೋಗಿಲೆಯನ್ನೂ ಮರೆಯಲಿಲ್ಲ.

ಆದರೆ ಬೆಂಗಳೂರು ಸೀಮೆಯ ಮಾವು ಚೈತ್ರಮಾಸಕ್ಕಾಗಿ ಕಾಯುವುದಿಲ್ಲ. ಮಳೆ ಚಳಿಗಳು ಸಕಾಲದಲ್ಲಿ ನಡೆದ ವರ್ಷ ಸಂಕ್ರಾಂತಿಯ ಹಿಂದುಮುಂದಿನಲ್ಲೇ ಅದು ಹೂವೇರುತ್ತದೆ. ಯುಗಾದಿಯ ದಿನ ನಮ್ಮ ಅಡುಗೆಮನೆಗಳಲ್ಲಿ ಮಾವಿನಕಾಯಿ ಚಿತ್ರಾನ್ನವಾಗುವುದೇ ಇದಕ್ಕೆ ಸಾಕ್ಷಿ. ಚೈತ್ರದಲ್ಲಿ ಹೂವಾದರೆ ಹಬ್ಬಕ್ಕೆ ಕಾಯಿ ಎಲ್ಲಿಂದ ಬರಬೇಕು? ಹಾಗೆಂದು ಕವಿಗಳು ತಪ್ಪಿದರೆನ್ನಬೇಕಾಗಿಲ್ಲ. ಉತ್ತರ ದೇಶದಲ್ಲಿ ಚಳಿ ಕಟು. ಅದು ಸಡಿಲವಾದ ಮೇಲೆ, ಫೆಬ್ರವರಿ ಮಾರ್ಚಿಯಲ್ಲಿ, ಅಲ್ಲಿನ ಮಾವು ಅರಳುತ್ತದೆ. ಕಾವ್ಯದ ಋತು ಒಂದೇ ಆದರೂ ಮರದ ಪಂಚಾಂಗ ನಾಡಿನಿಂದ ನಾಡಿಗೆ ಬೇರೆ.

ಈ ಪಂಚಾಂಗವನ್ನು ಬರೆಯುವವು ಎರಡು: ಹವೆ ಮತ್ತು ಚಿಗುರಿನ ವಯಸ್ಸು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಮೈದಾನದಲ್ಲಿ ಸ್ವಾತಿ, ವಿಶಾಖ ಮಳೆಗಳು ಹಿಂದೆಗೆದ ಮೇಲೆ ನೆಲ ಮೆಲ್ಲಗೆ ಒಣಗುತ್ತದೆ, ಇರುಳು ತಣ್ಣಗಾಗುತ್ತದೆ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಉಷ್ಣತೆ 7.8 ಡಿಗ್ರಿ ಸೆಂಟಿಗ್ರೇಡಿಗೆ ಇಳಿದಿತ್ತು. ಅಷ್ಟು ಕೊರೆತ ಮಾವಿಗೆ ಬೇಕಿಲ್ಲ. 15 ಡಿಗ್ರಿಯ ಆಸುಪಾಸಿನ ಇರುಳುಗಳು ಕೆಲವು ವಾರ ಒಂದೇ ಸಮನೆ ಬಂದರೆ ಸಾಕು. ಆಗ ಬಲಿತ ರೆಂಬೆಯ ತುದಿಮೊಗ್ಗು ಎಲೆಯಾಗುವ ಬದಲು ಹೂಗೊಂಚಲಾಗುತ್ತದೆ.

ಇದು ಮನುಷ್ಯನಿಗೆ ತಿಳಿದುಬಂದ ಬಗೆ ಸ್ವಾರಸ್ಯವಾಗಿದೆ. ಫಿಲಿಪೀನ್ಸ್ ದ್ವೀಪಗಳ ರೈತರು ಬಹುಕಾಲದಿಂದ ಮಾವಿನ ಮರದಡಿಯಲ್ಲಿ ಹಸಿಸೊಪ್ಪು ಕಸಕಡ್ಡಿ ಸುಟ್ಟು, ದಿನಗಟ್ಟಲೆ ಹೊಗೆ ಹಾಕಿ ಹೂ ಬರಿಸುತ್ತಿದ್ದರು. ಆ ದೇಶದ ವಿಜ್ಞಾನಿ ರಾಮೋನ್ ಬಾರ್ಬಾ 1970ರ ದಶಕದಲ್ಲಿ ಪೊಟ್ಯಾಸಿಯಂ ನೈಟ್ರೇಟಿನ ತೆಳು ದ್ರಾವಣವನ್ನು ಸಿಂಪಡಿಸಿ ಅದೇ ಫಲವನ್ನು ಪಡೆದರು. ಹೊಗೆಯಾಗಲಿ ಉಪ್ಪಾಗಲಿ ಎಳೆಯ ಚಿಗುರಿನ ಮೇಲೆ ನಡೆಯಲಿಲ್ಲ; ತಿಂಗಳುಗಟ್ಟಲೆ ಬಲಿತ ರೆಂಬೆಯಷ್ಟೇ ಓಗೊಟ್ಟಿತು. ಮುಂದೆ 1990ರ ದಶಕದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಗಿಡಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿಟ್ಟು ನೋಡಿದರು. ಹಗಲು 18, ಇರುಳು 10 ಡಿಗ್ರಿಯಲ್ಲಿ ಹೂ. ಹಗಲು 30, ಇರುಳು 25 ಡಿಗ್ರಿಯಲ್ಲಿ ಬರೀ ಎಲೆ.

ನಮ್ಮಲ್ಲಿ ಹಣ್ಣಿನ ಗಿಡದ ವ್ಯಾಸಂಗಕ್ಕೆ ಹಳೆಯ ಪರಂಪರೆಯುಂಟು. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಎಂ. ಎಚ್. ಮರಿಗೌಡರ ಆಡಳಿತಕಾಲದಲ್ಲಿ ತೋಟಗಾರಿಕೆ ಇಲಾಖೆಯ ಕ್ಷೇತ್ರಗಳೂ ಸಸ್ಯಾಗಾರಗಳೂ ಜಿಲ್ಲೆ ಜಿಲ್ಲೆಗೂ ಹಬ್ಬಿ, ಕಸಿಗಿಡವೆಂಬುದು ಸಾಮಾನ್ಯ ಮನೆಯ ಹಿತ್ತಿಲಿಗೂ ಬಂದಿತು. 1967ರಲ್ಲಿ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನೆಲೆಗೊಂಡಿತು. ಬಂಗನಪಲ್ಲಿ, ಬಾದಾಮಿ ತಳಿಗಳನ್ನು ಕೂಡಿಸಿದ 'ಅರ್ಕಾ ಅರುಣ' ಅಲ್ಲಿಯದು.

ಆ ಹೆಸರಘಟ್ಟಕ್ಕೆ ಮಾದನಾಯಕನಹಳ್ಳಿ ದೂರವಲ್ಲ. ಹೊಲಗಳ ಊರು ಇಂದು ತುಮಕೂರು ಹೆದ್ದಾರಿಯ ಬದಿಯಲ್ಲಿ ಕಾರ್ಖಾನೆ, ಉಗ್ರಾಣ, ನಿವೇಶನಗಳ ಊರಾಗಿದೆ. ಹೊಲ ಹೋಗಿ ಹಿತ್ತಿಲು ಉಳಿದಿದೆ. ಅದರಲ್ಲೊಂದು ಬಾದಾಮಿಯೋ ರಸಪುರಿಯೋ. ಮರ ಹುಲುಸಾಗಿ ಬೆಳೆದು ನೆರಳು ಕೊಡುತ್ತದೆ, ಹೂ ಮಾತ್ರ ಇಲ್ಲ. “ಬರಡು ಮರ, ಕಡಿಸಿಬಿಡಿ” ಎನ್ನುವ ಮಾತು ಅಲ್ಲಿ ಹುಟ್ಟುತ್ತದೆ.

ಕೊಡಲಿ ಎತ್ತುವ ಮೊದಲು ಮರದ ನಡೆವಳಿಕೆಯನ್ನು ವಿಚಾರಿಸಬೇಕು. ಬಚ್ಚಲ ನೀರು ವರ್ಷವೆಲ್ಲ ಬುಡಕ್ಕೆ ಹರಿಯುವ ಮರಕ್ಕೆ ಕಾರ್ತಿಕ ಮಾರ್ಗಶಿರದ ಒಣಗು ತಿಳಿಯುವುದೇ ಇಲ್ಲ. ಅದು ಮತ್ತೆ ಚಿಗುರುತ್ತದೆ. ಚಿಗುರು ಬಲಿಯುವ ಹೊತ್ತಿಗೆ ಚಳಿ ಕಳೆದಿರುತ್ತದೆ. ಸುತ್ತ ಗಾರೆಯ ಗೋಡೆಗಳಿದ್ದರೆ ಅವು ಹಗಲಿನ ಕಾವನ್ನು ಇರುಳೆಲ್ಲ ಉಗುಳಿ ಚಳಿಯನ್ನೂ ಕದಿಯುತ್ತವೆ. ಒಂದು ವರ್ಷ ಹೊರೆಗಾಯಿ ಹೊತ್ತ ಮರ ಮರುವರ್ಷ ವಿಶ್ರಮಿಸುವುದೂ ಮಾವಿನ ಹುಟ್ಟುಗುಣ. 2021ರ ನವೆಂಬರಿನಲ್ಲಿ ಬೆಂಗಳೂರು, ಕೋಲಾರ ಸೀಮೆಗಳಲ್ಲಿ ಮಳೆ ಎಡೆಬಿಡದೆ ಹೊಯ್ದಾಗ ದೊಡ್ಡ ತೋಟಗಳಲ್ಲೇ ಹೂ ತಡವಾಯಿತು. ಹಿತ್ತಿಲ ಮರವನ್ನು ದೂರುವುದೇಕೆ?

ಮಾಡಬೇಕಾದದ್ದು ಹೆಚ್ಚೇನಿಲ್ಲ. ಕೊಯ್ಲು ಮುಗಿದೊಡನೆ ಒಣರೆಂಬೆ, ಒತ್ತುರೆಂಬೆಗಳನ್ನು ಸವರಿ, ಗೊಬ್ಬರವನ್ನು ಆಗಲೇ ಹಾಕಿದರೆ ಮಳೆಗಾಲದ ಚಿಗುರು ಚಳಿಗೆ ಮೊದಲು ಬಲಿಯುತ್ತದೆ. ದೀಪಾವಳಿಯ ಮೇಲೆ ಸವರುವುದು ಬೇಡ, ಗೊಬ್ಬರವೂ ಬೇಡ. ಬಚ್ಚಲ ಕಾಲುವೆಯನ್ನು ಬೇರೆಡೆಗೆ ತಿರುಗಿಸಿರಿ. ಕಾಯಿ ಬಟಾಣಿ ಗಾತ್ರವಾದಾಗ ನೀರು ಮತ್ತೆ ಬರಲಿ. ಬೆಳವಣಿಗೆ ತಡೆದು ಹೂ ಬರಿಸುವ ಪ್ಯಾಕ್ಲೊಬ್ಯುಟ್ರಜಾಲ್ ಎಂಬ ಔಷಧಿಯನ್ನು ತೋಟದವರು ಬುಡಕ್ಕೆ ಹಾಕುವುದುಂಟು. ಅದು ಮಣ್ಣಿನಲ್ಲಿ ಬಹುಕಾಲ ನಿಲ್ಲುವುದರಿಂದ ಸೊಪ್ಪು ತರಕಾರಿಗಳನ್ನೂ ಬೆಳೆಯುವ ಹಿತ್ತಿಲಿಗೆ ತಕ್ಕದ್ದಲ್ಲ.

ಬೀಜದಿಂದ ಎದ್ದ ಗಿಡವಾದರೆ ಇನ್ನೂ ಕೆಲವು ವರ್ಷ ತಾಳಬೇಕು. ಚಳಿಯನ್ನು ನಾವು ತರಲಾರೆವು. ಚಳಿ ಬಂದಾಗ ಮರ ಸಿದ್ಧವಾಗಿರುವಂತೆ ನೋಡಿಕೊಳ್ಳಬಲ್ಲೆವು. ಕಡಿಯುವುದಕ್ಕೆ ಒಂದು ಹಗಲು ಸಾಕು. ಹಾಗೆ ಕಡಿದ ಮರದ ನೆರಳು ಮತ್ತೆ ಅಂಗಳಕ್ಕೆ ಬೀಳುವುದಕ್ಕೆ ಹತ್ತು ವರ್ಷ ಬೇಕು.