ವಖಾರಿಯ ಧೂಳು, ರಕ್ತದ ಗುರುತು

ಚಿಕ್ಕೋಡಿ–ನಿಪ್ಪಾಣಿ ಸೀಮೆ ಬೀಡಿ ತಂಬಾಕಿಗೆ ಹೆಸರಾದದ್ದು. ಬಿಸಿಲಲ್ಲಿ ಒಣಗಿದ ಎಲೆ ನಿಪ್ಪಾಣಿಯ ವಖಾರಿಗೆ ಬಂದ ಮೇಲೆ ಅದನ್ನು ಬಡಿದು, ಕಡ್ಡಿ ಬೇರ್ಪಡಿಸಿ, ಜರಡಿ ಹಿಡಿಯುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಜರಡಿ ಅಲುಗಿದಾಗಲೆಲ್ಲ ಘಾಟು ಧೂಳು ಏಳುತ್ತದೆ. ಒಮ್ಮೆಯೂ ಬೀಡಿ ಸೇದದವಳ ಮೈಗೂ ತಂಬಾಕು ಮೂಗು, ಬಾಯಿ, ಚರ್ಮದ ಮೂಲಕ ಇಳಿಯುತ್ತದೆ.

1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಹೆದ್ದಾರಿ ತಡೆದರು. ಏಪ್ರಿಲ್ 6ರ ಗೋಲಿಬಾರಿನಲ್ಲಿ ಹಲವು ರೈತರು ಸತ್ತರು. ನಿಪ್ಪಾಣಿ ಎಂದರೆ ಇಂದಿಗೂ ನೆನಪಾಗುವುದು ಅದೇ. ವಖಾರಿಯ ಹೆಂಗಸರೂ ಆ ಹೊತ್ತಿಗೆ ಸಂಘ ಕಟ್ಟಿಕೊಂಡಿದ್ದರು. ದೀಪಾ ಧನರಾಜ್ ಮತ್ತು ಯುಗಾಂತರ ತಂಡ 1982ರಲ್ಲಿ ಅವರೊಂದಿಗೇ ಕೂಡಿ ಮರಾಠಿ ಸಾಕ್ಷ್ಯಚಿತ್ರ ಮಾಡಿತು. ಬೆಲೆಯ ಜಗಳಕ್ಕೆ ಸಿಕ್ಕಷ್ಟು ಗಮನ ಧೂಳಿಗೆ ಸಿಗಲಿಲ್ಲ ಎನ್ನಬೇಕು. ಕೂಲಿಯನ್ನು ಲೆಕ್ಕ ಹಾಕಬಹುದು. ಮೈಯೊಳಗೆ ಹೋದ ಧೂಳನ್ನು ಅಳೆಯುವುದು ಹೇಗೆ?

ಅದಕ್ಕೆ ಒಂದು ದಾರಿ ಪ್ರಯೋಗಾಲಯದಲ್ಲಿ ಆಗಲೇ ತೆರೆದಿತ್ತು. ಮನುಷ್ಯನಿಗೆ 46 ವರ್ಣತಂತುಗಳೆಂದು ತಿಳಿದದ್ದು 1956ರಲ್ಲಿ. 1960ರ ಹೊತ್ತಿಗೆ ಒಂದಿಷ್ಟು ರಕ್ತದ ಬಿಳಿಕಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ವಿಭಜನೆಯ ಹೊತ್ತಿಗೆ ತಡೆದು, ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಸುಲಭವಾಯಿತು. ಲಿಂಫೋಸೈಟುಗಳೆಂಬ ಬಿಳಿಕಣಗಳಲ್ಲಿ ಕೆಲವು ವರ್ಷಗಟ್ಟಲೆ ಬದುಕುವುದರಿಂದ ಹಳೆಯ ಪೆಟ್ಟಿನ ಗುರುತೂ ಅವುಗಳಲ್ಲಿ ಉಳಿಯಬಲ್ಲದು. ವಿಕಿರಣದ ಪ್ರಮಾಣ ಅಂದಾಜಿಸಲು ಮೊದಲು ಬಳಸಿದ ಈ ವಿಧಾನ ಮುಂದೆ ರಾಸಾಯನಿಕಗಳಿಗೂ ಬಂತು. ಮುಂಬೈಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಮಹಿಮ್ಕರ್ ಮತ್ತು ಭಿಸೆ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೀಡಿ ತಂಬಾಕು ಹದಮಾಡುವ ಕಾರ್ಮಿಕರ ಬಿಳಿಕಣಗಳಲ್ಲಿ ವರ್ಣತಂತುಗಳ ಒಡಕು ಇತರರಿಗಿಂತ ಹೆಚ್ಚು ಕಂಡಿತು.

ಒಡಕುಗಳೆಲ್ಲ ಒಂದೇ ಬಗೆಯವಲ್ಲ. ಎರಡು ಕೇಂದ್ರವಿರುವ ವರ್ಣತಂತು ಉಂಟಾದರೆ ಕೋಶ ವಿಭಜನೆಯಲ್ಲಿ ತೊಡಕಾಗಿ ಸಾಯುವುದೇ ಹೆಚ್ಚು. ಹಾಗಾಗಿ ಈಚಿನ ಪೆಟ್ಟಿಗೆ ಮಾತ್ರ ಅದು ಸಾಕ್ಷಿ. ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾದರೆ ಕೋಶ ಬದುಕಿ ಆ ಗುರುತನ್ನು ಮುಂದಕ್ಕೊಯ್ಯುತ್ತದೆ. ಇಂಥ ಅದಲುಬದಲು ಆರೋಗ್ಯವಂತರಲ್ಲೂ ಇರುತ್ತದೆ, ವಯಸ್ಸಾದಂತೆ ಏರುತ್ತದೆ, ಧೂಮಪಾನಿಗಳಲ್ಲಿ ಇನ್ನಷ್ಟು. ಆದ್ದರಿಂದ ಐವತ್ತರ ಜರಡಿಯಾಕೆಯನ್ನು ಇಪ್ಪತ್ತರ ಕಾಲೇಜು ಹುಡುಗಿಯೊಂದಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಅದೇ ವಯಸ್ಸಿನ, ಅದೇ ಚಟಗಳ, ಆದರೆ ತಂಬಾಕಿನ ಕೆಲಸ ಮಾಡದ ಹೆಂಗಸರು ಬೇಕು. ಯುರೋಪಿನ ದೊಡ್ಡ ಅಧ್ಯಯನಗಳಲ್ಲಿ ಒಡಕು ಹೆಚ್ಚಿದ್ದ ಗುಂಪಿಗೆ ಮುಂದೆ ಕ್ಯಾನ್ಸರ್ ಅಪಾಯವೂ ಹೆಚ್ಚಿತ್ತು. ಆದರೆ ಅದು ಗುಂಪಿನ ಮಾತು. ಇಂಥವಳಿಗೇ ರೋಗ ಬರುತ್ತದೆಂದು ಒಂದು ರಕ್ತಪರೀಕ್ಷೆಯಿಂದ ಹೇಳಲಾಗದು.